ತಿಳಿನೀಲಿ ದಾರ

ಜೂನ್ 9

ರ‍್ಯಾಂಕು,

ಈ ಹೆಸರಿನಿಂದ ನಿನ್ನನ್ನು ಕರೆಯುವವಳು ಭೂಮಿಯ ಮೇಲೆ ಒಬ್ಬಳೇ. ಆದ್ದರಿಂದ ಯಾರು ಬರೆದಿದ್ದು ಎಂದು ಬೇರೆ ಹೇಳಬೇಕಾಗಿಲ್ಲ. ಹೇಳಲೇಬೇಕು ಅನ್ನುವುದಾದರೆ ಈ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಕಾಲಿನ ಕೆಳಗೆ ಇಟ್ಟುಬಿಡು, ಅಲುಗಾಡುವುದಾದರೂ ನಿಲ್ಲುತ್ತದೆ.

ಮೊದಲು ನಿಮ್ಮ ಟಿವಿ ಕಂಪನಿಗೆ ಫೋನು ಮಾಡಿದ್ದೆ. ಮೇಡಂಗೆ ದಿನಕ್ಕೆ ಇನ್ನೂರು ಜನ ಮಾಡುತ್ತಾರೆ, ಏನಿದ್ದರೂ ಬರೆದು ಕಳಿಸಿ ಎಂದಳು ಅಲ್ಲಿಯ ಹುಡುಗಿ. ಸರಿ, ಬರೆಯುವುದು ನಮಗೇನು ಹೊಸದೇ ಎಂದುಕೊಂಡೆ.

ವಿಷಯ ಇಷ್ಟು. ಹೋದ ತಿಂಗಳಿಂದ ನನ್ನ ಹೊಲಿಗೆ ಅಂಗಡಿಗೆ ಶಾಲೆಯ ಹುಡುಗಿಯರು ಬಂದು, ಸ್ಕರ್ಟಿನ ಕೆಳಗಿನ ಮಡಿಕೆಯಲ್ಲಿ ಒಂದೇ ಒಂದು ಕೆಂಪು ಹೊಲಿಗೆ ಹಾಕಿಕೊಡಿ ಎಂದು ಕೇಳುತ್ತಿದ್ದಾರೆ. ಮೊದಲು ಒಬ್ಬಳು ಬಂದಳು, ಆಮೇಲೆ ಆರು ಜನ. ಇದೇನು ಹೊಸ ಹುಚ್ಚು ಅಂದರೆ, "ಕೊನೇ ಪಿರಿಯಡ್ ಸೀರಿಯಲ್ ನೋಡಲ್ವಾ ಆಂಟಿ?" ಎಂದು ನನ್ನನ್ನೇ ಪ್ರಾಣಿಸಂಗ್ರಹಾಲಯದಿಂದ ಬಂದವಳ ಹಾಗೆ ನೋಡಿದರು. ಆ ಗುರುವಾರ ಸಂಜೆ ಅಂಗಡಿಯ ಟಿವಿ ಹಾಕಿದೆ. ಕ್ಲಾಸಿಗೇ ಫಸ್ಟ್ ಬರುವ ಹುಡುಗಿ, ಗಣಿತದಲ್ಲಿ ಗೋತಾ ಹೊಡೆಯುವ ದರ್ಜಿಯ ಮಗಳು, ಚೆಂಡು ಕಂಡರೆ ಹೆದರುವ ಗೋಲ್‌ಕೀಪರ್ ಹುಡುಗ, ಯಾರೊಂದಿಗೂ ಬಾಯಿ ಬಿಡದ ಇನ್ನೊಬ್ಬ. ಜೊತೆಯಾಗಲು ಯಾವ ಕಾರಣವೂ ಇಲ್ಲದ ನಾಲ್ಕು ಜನ ಜೊತೆಯಾಗುತ್ತಾರೆ. ಪರವಾಗಿಲ್ಲ, ಚೆನ್ನಾಗಿದೆ ಅಂದುಕೊಳ್ಳುವಷ್ಟರಲ್ಲಿ ಆ ಫಸ್ಟ್ ಬರುವವಳು ಸ್ಕರ್ಟಿನ ಮಡಿಕೆ ಬಿಚ್ಚಿ ಒಳಗಿಂದ ಒಂದು ಪತ್ರ ತೆಗೆದಳು. ನನ್ನ ಕೈಯಲ್ಲಿದ್ದ ಕತ್ತರಿ ಕೆಳಗೆ ಬಿತ್ತು. ಕೊನೆಯಲ್ಲಿ ಹೆಸರುಗಳು ಓಡಿದವು. ಕಥೆ ಎಂದು ನಿನ್ನ ಹೆಸರು ಬಂತು.

ನಿಮ್ಮಮ್ಮ ದಿನಾ ನಿನ್ನ ಬ್ಯಾಗು ಜಾಲಾಡುತ್ತಿದ್ದರು. ಹೆಡ್‌ಮಿಸ್ ಮಗಳಿಗೂ ದರ್ಜಿಯ ಮಗಳಿಗೂ ಎಲ್ಲಿಂದೆಲ್ಲಿಯ ಸ್ನೇಹ! ಅದಕ್ಕೇ ನಾವು ಕಂಡುಕೊಂಡ ದಾರಿ. "ಮಡಿಕೆ ಬಿಚ್ಚಿಹೋಗಿದೆ" ಎಂದು ನಿನ್ನ ಸ್ಕರ್ಟು ನಮ್ಮ ಅಂಗಡಿಗೆ ಬರುವುದು, ಒಳಗೆ ನಿನ್ನ ಪತ್ರ. ವಾಪಸು ಹೋಗುವಾಗ ಒಳಗೆ ನನ್ನ ಪತ್ರ, ಗುರುತಿಗೆ ಒಂದು ಕೆಂಪು ಹೊಲಿಗೆ. ನಿನಗೆ ಗುರುತೇ ಬೇಕಾಗಿರಲಿಲ್ಲ. ಹೊಲಿಗೆ ಕ್ಲಾಸಿನಲ್ಲಿ ಕೊಟ್ಟ ತಿಳಿನೀಲಿ ದಾರದಲ್ಲಿ ಕೋಳಿ ಕೆದರಿದ ಹಾಗೆ ಹೊಲಿದಿರುತ್ತಿದ್ದೆ. ಎಲ್ಲದರಲ್ಲೂ ನೂರಕ್ಕೆ ನೂರು, ಹೊಲಿಗೆಯಲ್ಲಿ ಮಾತ್ರ ಮೂವತ್ತೈದು. ಈ ಹುಡುಗಿ ಎರಡು ವಾರಕ್ಕೊಮ್ಮೆ ಮಡಿಕೆ ಹೇಗೆ ಹರಿದುಕೊಳ್ಳುತ್ತಾಳೆ, ಕುದುರೆ ಸವಾರಿ ಮಾಡುತ್ತಾಳಾ ಎಂದು ಅಪ್ಪ ಕೇಳುತ್ತಿದ್ದ. ಅವನು ಹೋಗಿ ಆರು ವರ್ಷವಾಯಿತು. ಈಗ ಅಂಗಡಿ ನನ್ನದು.

ನನ್ನ ಕೊನೆಯ ಪತ್ರಕ್ಕೆ ಯಾಕೆ ಉತ್ತರ ಬರಲಿಲ್ಲ ಎಂದು ಕೇಳುವುದಕ್ಕೆ ಇದನ್ನು ಬರೆಯುತ್ತಿಲ್ಲ. ಕೇಳುವುದಿಲ್ಲ ಎಂದು ಬರೆದರೂ ಕೇಳಿದ ಹಾಗೇ ಆಯಿತು. ಇರಲಿ, ಹೊಡೆದು ಹಾಕುವುದಿಲ್ಲ.

ಸೂಜಿ


ಜೂನ್ 30

ಸೂಜಿ,

ನಿನ್ನ ಕಾಗದ ಬಂದಾಗ ನಾವು ಆರು ಜನ ಮೇಜಿನ ಸುತ್ತ ಕೂತು, ಗೋಲ್‌ಕೀಪರ್ ಹುಡುಗನಿಗೆ ಒಬ್ಬ ಅಣ್ಣ ಬೇಕೋ ಬೇಡವೋ ಎಂದು ಬೆಳಿಗ್ಗೆಯಿಂದ ಜಗಳವಾಡುತ್ತಿದ್ದೆವು. ನಮ್ಮ ಕೆಲಸವೇ ಅದು. ಗೋಡೆಯ ತುಂಬ ಬಣ್ಣಬಣ್ಣದ ಚೀಟಿ ಅಂಟಿಸಿರುತ್ತೇವೆ, ಒಂದೊಂದು ಚೀಟಿಗೆ ಒಂದೊಂದು ದೃಶ್ಯ. ಲಕೋಟೆಯ ಮೇಲಿನ ಅಕ್ಷರ ನೋಡಿದವಳೇ ಎದ್ದುಹೋಗಿ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಓದಿದೆ. ವಾಪಸು ಬರುವಷ್ಟರಲ್ಲಿ ಅಣ್ಣ ಹುಟ್ಟಿಬಿಟ್ಟಿದ್ದ.

ನಮ್ಮ ಕಥೆಯಲ್ಲಿ ಹುಡುಗರು ಎಲ್ಲಿದ್ದರು ಎಂದು ನೀನು ನಗುತ್ತಿರಬೇಕು. ಅವರನ್ನು ಕಂಪನಿಯವರು ಹಾಕಿಸಿದ್ದು. ನಮ್ಮನ್ನು ತಿರುಗಿ ನೋಡಿದ ಗಂಡು ಅಂದರೆ ಗೇಟಿನ ಕಾವಲುಗಾರ ಒಬ್ಬನೇ, ಅದೂ ನಾವು ಲೇಟಾಗಿ ಬಂದಾಗ.

ಅಮ್ಮ ಈಗ ನನ್ನ ಜೊತೆಗೇ ಇದ್ದಾರೆ. ಎಪ್ಪತ್ತೊಂಬತ್ತು ವಯಸ್ಸು. ಪ್ರತಿ ಕಂತನ್ನೂ ಚಿತ್ರೀಕರಣಕ್ಕೆ ಮೊದಲೇ ಅವರಿಗೆ ಓದಲು ಕೊಡಬೇಕು. ಕೆಂಪು ಪೆನ್ನು ಹಿಡಿದು ತಿದ್ದಿ ಕೊನೆಗೆ ಅಂಕ ಹಾಕುತ್ತಾರೆ. ಹೋದ ವಾರ ನೂರಕ್ಕೆ ಎಪ್ಪತ್ತೆರಡು. ನಲವತ್ತರ ಹತ್ತಿರ ಬಂದರೂ ನನ್ನ ಹಣೆಬರಹ ಬದಲಾಗಿಲ್ಲ ನೋಡು.

ಆದರೆ ಯಾವ ಕೊನೆಯ ಪತ್ರ, ಸೂಜಿ? ನಿನಗೆ ಟಿ.ಸಿ. ಕೊಟ್ಟು ಕಳಿಸಿದ ಮೇಲೆ ನಿಮ್ಮಪ್ಪ ನನ್ನ ಸ್ಕರ್ಟು ತಂದುಕೊಟ್ಟರು. ಬಾಗಿಲು ಹಾಕಿಕೊಂಡು ಕೆಳಗಿನ ಮಡಿಕೆಯ ಸುತ್ತಲೂ ಬೆರಳಾಡಿಸಿ ನೋಡಿದೆ. ಕೆಂಪು ಹೊಲಿಗೆ ಇರಲಿಲ್ಲ. ಸೂಜಿ ನನ್ನನ್ನು ಬಿಟ್ಟಳು ಎಂದುಕೊಂಡೆ. ಬಿಡುವುದಕ್ಕೆ ಕಾರಣವೂ ಇತ್ತಲ್ಲ. ಅದನ್ನು ಬರೆಯಲು ಕೈ ಬರುತ್ತಿಲ್ಲ.

ಫೋನು ಬೇಡ. ನಿನ್ನ ದನಿ ಕೇಳುವಷ್ಟು ಧೈರ್ಯ ಇನ್ನೂ ಬಂದಿಲ್ಲ. ಬರೆ.

ನಿನ್ನ
ರ‍್ಯಾಂಕು


ಜುಲೈ 11

ಅಯ್ಯೋ ಪೆದ್ದಿ,

ಮಡಿಕೆಯಲ್ಲಿ ಯಾಕೆ ಹುಡುಕಿದೆ? ಆ ಸ್ಕರ್ಟು ನಮ್ಮಲ್ಲಿಗೆ ಬಂದಿದ್ದು ಸೊಂಟ ಸಡಿಲ ಮಾಡುವುದಕ್ಕೆ. ಕೆಳಗಿನ ಮಡಿಕೆ ಮುಟ್ಟಿದರೆ ನಿಮ್ಮಮ್ಮನಿಗೆ ಅನುಮಾನ ಬರುತ್ತದೆ ಎಂದು ಸೊಂಟದ ಪಟ್ಟಿಯೊಳಗೆ ಇಟ್ಟು ಹೊಲಿದೆ. ಕೆಂಪು ಹೊಲಿಗೆ ಕೊಂಡಿಯ ಹಿಂದುಗಡೆ ಇತ್ತು. ನಾನೇ ಬುದ್ಧಿವಂತೆ ಅಂದುಕೊಂಡಿದ್ದೆ. ಅತಿ ಬುದ್ಧಿವಂತಿಕೆ ಮಾಡಿ ಇಪ್ಪತ್ತೆರಡು ವರ್ಷ ಕಳೆದೆ.

ನೀನು ಅದನ್ನು ನೋಡಿಯೂ, ನಾನು ಕರೆದಲ್ಲಿಗೆ ಬರಲಿಲ್ಲ ಎಂದುಕೊಂಡಿದ್ದೆ ಕಣೇ. ಇಷ್ಟು ವರ್ಷವೂ. ನಿನ್ನೆ ನಿನ್ನ ಕಾಗದ ಓದಿ, ಇಸ್ತ್ರಿ ಪೆಟ್ಟಿಗೆ ಬಟ್ಟೆಯ ಮೇಲೇ ಬಿಟ್ಟು, ಸ್ಟೂಲಿನ ಮೇಲೆ ಕೂತು ಅತ್ತೆ. ಯಾರದೋ ಪ್ಯಾಂಟು ಸುಟ್ಟಿತು. ಸುಡಲಿ ಬಿಡು. ಎದೆಯ ಮೇಲಿನ ಕಲ್ಲು ಇಳಿಯಿತು.

ನಿನಗೆ ಬರೆಯಲು ಕೈ ಬರದಿದ್ದರೆ ನಾನೇ ಬರೆಯುತ್ತೇನೆ. ನಾನು ಗಣಿತದಲ್ಲಿ ಫೇಲಾದರೆ ಅಪ್ಪ ಶಾಲೆ ಬಿಡಿಸಿ ಮಿಷನ್ ಮೇಲೆ ಕೂರಿಸುತ್ತಾನೆ ಎಂದು ನೀನು ಹೆದರಿದ್ದೆ. ನಿಮ್ಮಮ್ಮನ ಬೀರುವಿನಿಂದ ಪ್ರಶ್ನೆಪತ್ರಿಕೆ ತೆಗೆದು ಸ್ಕರ್ಟಿನ ಮಡಿಕೆಯಲ್ಲಿಟ್ಟು ಕಳಿಸಿದೆ. ನಾನು ಅದನ್ನು ಓದದೆ, ನಿನಗೇ ವಾಪಸು ಕೊಡೋಣ ಎಂದು ಮರುದಿನ ಕಂಪಾಸ್ ಪೆಟ್ಟಿಗೆಯಲ್ಲಿ ತಂದೆ. ಗೇಟಿನಲ್ಲೇ ತಪಾಸಣೆ. ಇಡೀ ಕ್ಲಾಸಿನ ಮುಂದೆ ನಿಲ್ಲಿಸಿ, ಇದು ನಿನಗೆ ಹೇಗೆ ಬಂತು ಎಂದು ನಿಮ್ಮಮ್ಮ ಕೇಳಿದರು. ನಾನು ನಿನ್ನ ಕಡೆ ನೋಡಿದೆ. ನೀನು ಕಪ್ಪುಹಲಗೆ ನೋಡುತ್ತಿದ್ದೆ, ಅದರ ಮೇಲೆ ಏನೂ ಬರೆದಿರಲಿಲ್ಲ. ನಾನೇ ಕದ್ದೆ ಅಂದೆ. ಹದಿನೈದು ವರ್ಷದ ನೀನು ಹೆದರಿದೆ, ಅದನ್ನು ನಾನು ಎಂದೋ ಹೊಟ್ಟೆಗೆ ಹಾಕಿಕೊಂಡಿದ್ದೇನೆ.

ಈಗ ನನ್ನದೊಂದು ಕೇಳಿಕೆ. ನನಗೊಬ್ಬಳು ಮಗಳಿದ್ದಾಳೆ, ನಮ್ಮದೇ ಆಗಿನ ವಯಸ್ಸು. ನಮ್ಮ ಮನೆಯವರು ಲಾರಿ ಓಡಿಸುತ್ತಾರೆ, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಮಿಕ್ಕ ದಿನ ನಾನು, ಮಗಳು, ನನ್ನತ್ತೆ. ಹೋದ ವರ್ಷ ಯಾವುದೋ ಜಗಳದಲ್ಲಿ ಅತ್ತೆ ಅವಳೆದುರಿಗೇ, ನಿನ್ನಮ್ಮ ಪ್ರಶ್ನೆಪತ್ರಿಕೆ ಕದ್ದು ಶಾಲೆಯಿಂದ ಓಡಿಸಿಕೊಂಡವಳು ಎಂದುಬಿಟ್ಟರು. ಅವತ್ತಿನಿಂದ ಮಗಳು ನನ್ನ ಮುಖ ನೋಡಿ ಮಾತಾಡುವುದಿಲ್ಲ. ನಾನು ಕದ್ದಿಲ್ಲ ಕಣೇ ಅಂದೆ. "ಕದ್ದೋರೆಲ್ಲ ಹಾಗೇ ಅನ್ನೋದು" ಅಂದಳು. ನಿನ್ನ ಹೆಸರು ನಾನು ಹೇಳಲಿಲ್ಲ. ಹೇಳುವುದಿಲ್ಲ ಎಂದು ನಿನಗೆ ಮಾತು ಕೊಟ್ಟಿದ್ದೆ, ಆ ಪತ್ರ ನಿನಗೆ ಸಿಗದಿದ್ದರೂ ಕೊಟ್ಟಿದ್ದು ಕೊಟ್ಟಿದ್ದೇ.

ಅವಳು ನಿನ್ನ ಸೀರಿಯಲ್ಲಿಗೆ ಪ್ರಾಣ ಬಿಡುತ್ತಾಳೆ. ಮುಂದಿನ ಕಂತುಗಳಲ್ಲಿ ಪ್ರಶ್ನೆಪತ್ರಿಕೆ ಬರುತ್ತದಂತೆ, ಜಾಹೀರಾತಿನಲ್ಲಿ ತೋರಿಸುತ್ತಿದ್ದಾರೆ. ಯಾರ ಹೆಸರೂ ಬೇಡ. ನಡೆದದ್ದನ್ನು ನಡೆದ ಹಾಗೆ ತೋರಿಸು, ಸಾಕು. ಮಿಕ್ಕಿದ್ದನ್ನು ನಾನು ಅವಳ ಪಕ್ಕದಲ್ಲಿ ಕೂತು ಹೇಳುತ್ತೇನೆ. ನನ್ನ ಬಾಯಿಂದ ನಂಬದವಳು ನಿನ್ನ ಹುಡುಗಿಯ ಬಾಯಿಂದ ನಂಬಿಯಾಳು.

ಸೂಜಿ


ಆಗಸ್ಟ್ 2

ಸೂಜಿ,

ಹತ್ತೊಂಬತ್ತನೇ ಕಂತು. ಸೆಪ್ಟೆಂಬರ್ 18, ಗುರುವಾರ ಸಂಜೆ ಏಳೂವರೆ.

ಇವತ್ತು ಬೆಳಿಗ್ಗೆ ಒಂದೇ ಉಸಿರಿಗೆ ಬರೆದು ಮುಗಿಸಿದೆ. ಕ್ಲಾಸಿನ ಮುಂದೆ ದರ್ಜಿಯ ಮಗಳು ನಿಂತಿದ್ದಾಳೆ. ಹೆಡ್‌ಮಿಸ್ ಕೇಳುತ್ತಾರೆ. ಎರಡನೇ ಬೆಂಚಿನಿಂದ ಆ ಇನ್ನೊಬ್ಬಳು ಎದ್ದು ನಿಲ್ಲುತ್ತಾಳೆ. "ಮಿಸ್, ಅವಳಲ್ಲ. ನಾನೇ ತೆಗೆದು ಕೊಟ್ಟಿದ್ದು." ಅಷ್ಟೇ ಮಾತು. ಈ ಐದು ಪದಗಳಿಗೆ ನನಗೆ ಇಪ್ಪತ್ತೆರಡು ವರ್ಷ ಹಿಡಿಯಿತು.

ಮಗಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೋ. ಇದು ನನ್ನ ಮಾತು.

ನಿನ್ನ
ರ‍್ಯಾಂಕು


ಸೆಪ್ಟೆಂಬರ್ 19

ರ‍್ಯಾಂಕು,

ನಿನ್ನೆ ಅಂಗಡಿ ಬೇಗ ಮುಚ್ಚಿದೆ. ಮಗಳಿಗೆ, ನನ್ನ ಪಕ್ಕದಲ್ಲಿ ಕೂತು ನೋಡು, ಇದರಲ್ಲಿ ನಿನಗೆ ಗೊತ್ತಾಗಬೇಕಾದ್ದು ಒಂದಿದೆ ಎಂದು ಹೇಳಿದ್ದೆ. ಹದಿನಾಲ್ಕು ತಿಂಗಳ ಮೇಲೆ ನನ್ನ ಪಕ್ಕ ಕೂತಳು. ಅವಳ ಮೊಣಕೈ ನನಗೆ ತಾಗುತ್ತಿತ್ತು.

ದರ್ಜಿಯ ಮಗಳು ಹೆಡ್‌ಮಿಸ್‌ಗೆ ಕೋಟಿನ ಅಳತೆ ತೆಗೆಯುವ ನೆಪದಲ್ಲಿ ಜೇಬಿನಿಂದ ಬೀಗದ ಕೈ ಎಗರಿಸಿದಳು. ಬೀರು ತೆಗೆದಳು. ಸಿಕ್ಕಿಬಿದ್ದಳು. ಆ ಇನ್ನೊಬ್ಬಳು ಕಾರಿಡಾರಿನಲ್ಲಿ ಅವಳನ್ನು ತಬ್ಬಿಕೊಂಡು, ನಿನ್ನನ್ನು ಕ್ಷಮಿಸಿದ್ದೇನೆ ಅಂದಳು. ಪಿಟೀಲು ಬಾರಿಸಿದರು.

ಅತ್ತೆ ಹಿಂದಿನಿಂದ, ಟಿವಿಯವರಿಗೂ ಗೊತ್ತಿದೆ ನೋಡು ಅಂದರು. ಮಗಳು ಎದ್ದಳು. "ಅಮ್ಮಾ, ಇದನ್ನ ತೋರ್ಸೋಕೆ ನನ್ನ ಕರೆದ್ಯಾ?" ಅಂದಳು. ಸಿಟ್ಟಿನಿಂದ ಕೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆಲ್ಲಗೆ ಕೇಳಿದಳು. ಹೋಗಿ ಮೆಟ್ಟಿಲ ಮೇಲೆ ಕೂತಳು.

ನಿನಗೆ ಬರೆಯಲು ಆಗದಿದ್ದರೆ ಬೇಡ ಅನ್ನಬಹುದಿತ್ತು. ನಾನು ಅವಳನ್ನು ಕೂರಿಸುತ್ತಿರಲಿಲ್ಲ. ಸುಮ್ಮನಿರುವುದು ನನಗೆ ಚೆನ್ನಾಗಿ ಬರುತ್ತದೆ, ನಿನಗೇ ಗೊತ್ತಲ್ಲ.

ಒಂದೇ ಒಂದು ಸಮಾಧಾನ ಉಳಿದಿದೆ. ಅವತ್ತು ಆ ಪತ್ರ ನಿನಗೆ ಸಿಕ್ಕಿರಲಿಲ್ಲ. ಅದನ್ನು ಹಿಡಿದುಕೊಂಡು ಕೂತಿದ್ದೇನೆ.

ಸೂಜಿ


ಅಕ್ಟೋಬರ್ 6

ಸೂಜಿ,

ಕಂಪನಿಯವರು ಬದಲಾಯಿಸಿದರು ಎಂದು ಬರೆದು ಎರಡು ಕಾಗದ ಹರಿದು ಹಾಕಿದೆ. ಅವರಲ್ಲ. ಅವರಿಗೆ ನನ್ನ ಮೊದಲಿನ ದೃಶ್ಯವೇ ಇಷ್ಟವಾಗಿತ್ತು.

ಎಂದಿನಂತೆ ಅಮ್ಮನಿಗೆ ಓದಲು ಕೊಟ್ಟೆ. ಆ ಪುಟಕ್ಕೆ ಬಂದಾಗ ಕೆಂಪು ಪೆನ್ನು ನಿಂತಿತು. ಆಮೇಲೆ ಕನ್ನಡಕ ತೆಗೆದು, "ಆ ಮಗೂನ ಇಡೀ ಕ್ಲಾಸ್ ಮುಂದೆ ಕಳ್ಳಿ ಅಂದೋಳು ನಾನು. ಈಗ ಇದನ್ನ ಹೇಗೆ ನೋಡ್ಲಿ?" ಅಂದರು. ಅವರಿಗೆ ಆಗಲೇ ಅನುಮಾನವಿತ್ತೋ ಏನೋ, ನಾನು ಕೇಳಲಿಲ್ಲ. ಅವರೂ ನನ್ನನ್ನು ಕೇಳಲಿಲ್ಲ. ಅವತ್ತು ಮಧ್ಯಾಹ್ನವೇ ಆ ಚೀಟಿಯನ್ನು ಗೋಡೆಯಿಂದ ಕಿತ್ತು ಬೇರೆ ಅಂಟಿಸಿದೆ. ನಿನಗೆ ತಿಳಿಸಬೇಕಾಗಿತ್ತು. ನಾಳೆ ಬರೆಯೋಣ, ನಾಳೆ ಬರೆಯೋಣ ಎಂದು ಸೆಪ್ಟೆಂಬರ್ ಹದಿನೆಂಟು ಬಂದೇಬಿಟ್ಟಿತು. ಮುದುಕಿಯ ಮನಸ್ಸು ಉಳಿಸಲು ಹೋಗಿ ನಿನ್ನ ಮಗಳ ಮನಸ್ಸು ಮುರಿದೆ.

ಇದರ ಜೊತೆ ಆ ಸ್ಕರ್ಟು ಕಳಿಸುತ್ತಿದ್ದೇನೆ. ನನ್ನ ಹಳೆಯ ಕಬ್ಬಿಣದ ಪೆಟ್ಟಿಗೆಯ ತಳದಲ್ಲಿ ಸಿಕ್ಕಿತು. ಸೊಂಟದ ಪಟ್ಟಿ ಮುಟ್ಟಿದರೆ ಒಳಗೆ ಕಾಗದ ಸರಸರ ಅನ್ನುತ್ತದೆ. ನಾನು ಬಿಚ್ಚಲಿಲ್ಲ. ಈಗ ಅದನ್ನು ಓದುವ ಯೋಗ್ಯತೆ ನನಗಿಲ್ಲ. ನೀನು ಹೊಲಿದದ್ದನ್ನು ನೀನೇ ಬಿಚ್ಚು. ನಿನಗೆ ಉಳಿದಿರುವ ಆ ಒಂದು ಸಮಾಧಾನವನ್ನು ಮಾತ್ರ ಬಿಡಬೇಡ ಸೂಜಿ. ಅವತ್ತು ಅದು ನನ್ನ ಕಣ್ಣಿಗೆ ಬಿದ್ದಿದ್ದರೆ ಚಪ್ಪಲಿಯೂ ಹಾಕಿಕೊಳ್ಳದೆ ಓಡಿ ಬರುತ್ತಿದ್ದೆ. ಅಮ್ಮನ ಮೇಲಾಣೆ.

ನಿನ್ನ
ರ‍್ಯಾಂಕು


ಅಕ್ಟೋಬರ್ 21

ರ‍್ಯಾಂಕು,

ಪಾರ್ಸೆಲ್ಲು ಬಂದಾಗ ಮಗಳು ಅಂಗಡಿಯಲ್ಲೇ ಇದ್ದಳು, ರಜೆ. ಒಳಗಿಂದ ಹಳೆಯ ಸ್ಕರ್ಟು ಬಂದದ್ದು ನೋಡಿ, ಏನದು ಎಂದು ಹತ್ತಿರ ಬಂದಳು. ಸ್ಕರ್ಟನ್ನು ದೀಪದ ಕೆಳಗೆ ಹರಡಿ, ಹೊಲಿಗೆ ಬಿಚ್ಚುವ ಮುಳ್ಳು ತೆಗೆದುಕೊಂಡೆ. ಕೊಂಡಿಯ ಹಿಂದೆ ನನ್ನ ಕೆಂಪು ಹೊಲಿಗೆ ಹುಡುಕಿದೆ. ಇರಲಿಲ್ಲ. ಎರಡು ಸಣ್ಣ ತೂತು ಮಾತ್ರ ಇತ್ತು.

ನೀನು ಕಥೆ ಬರೆಯುವವಳು, ನಿನಗೆ ಇದು ಹೊಳೆದಿರಲಿಕ್ಕಿಲ್ಲ. ಅಪ್ಪ ನನಗೆ ಕಲಿಸಿದ ಕೈಹೊಲಿಗೆ ಒಂದೇ. ಸೂಜಿಯನ್ನು ಒಂದು ಹೆಜ್ಜೆ ಹಿಂದೆ ಹಾಕಿ ಮುಂದೆ ತರುವುದು, ಒಂದಕ್ಕೊಂದು ಅಂಟಿಕೊಂಡ ಹಾಗೆ. ಆ ಪಟ್ಟಿಯ ಮುಕ್ಕಾಲು ಭಾಗ ನನ್ನದೇ ಹೊಲಿಗೆ. ಕೊಂಡಿಯ ಪಕ್ಕದ ನಾಲ್ಕು ಬೆರಳಗಲ ಮಾತ್ರ ಬೇರೆ. ಉದ್ದಕ್ಕೊಂದು, ಗಿಡ್ಡಕ್ಕೊಂದು, ಕೋಳಿ ಕೆದರಿದ ಹಾಗೆ. ತಿಳಿನೀಲಿ ದಾರ.

ಹೊಲಿಗೆ ಕ್ಲಾಸಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬಣ್ಣ ಕೊಟ್ಟಿದ್ದರು. ಆ ಬಣ್ಣ ನಿನ್ನದೊಬ್ಬಳದೇ. ಎರಡು ವರ್ಷ, ಎರಡು ವಾರಕ್ಕೊಮ್ಮೆ ಆ ಹೊಲಿಗೆ ಬಿಚ್ಚಿದವಳು ನಾನು. ನಿನ್ನ ಅಕ್ಷರವನ್ನಾದರೂ ಮರೆತೇನು, ಅದನ್ನಲ್ಲ.

ನೀನು ಅವತ್ತೇ ಬಿಚ್ಚಿದ್ದೆ. ಓದಿದೆ. ಓದಿ ಮತ್ತೆ ಒಳಗಿಟ್ಟು ಹೊಲಿದೆ. ಹರಿದು ಹಾಕುವುದಕ್ಕೂ ಮನಸ್ಸು ಬರಲಿಲ್ಲ, ಬರುವುದಕ್ಕೂ ಮನಸ್ಸು ಬರಲಿಲ್ಲ. ಹೊಲಿದದ್ದನ್ನು ನೀನೇ ಮರೆತೆಯೋ, ಮರೆತ ಹಾಗೆ ಇದ್ದು ಇದ್ದು ಅದೇ ನಿಜ ಆಗಿಹೋಯಿತೋ ನನಗೆ ಗೊತ್ತಿಲ್ಲ. ಜೂನ್ ತಿಂಗಳಲ್ಲಿ, "ನೋಡಿದ್ದೆ ಸೂಜಿ, ಬರಲು ಹೆದರಿದೆ" ಎಂದು ಬರೆದಿದ್ದರೆ, ನನ್ನಾಣೆ, ಅದನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆ. ಇಪ್ಪತ್ತೆರಡು ವರ್ಷ ಹೊತ್ತಿದ್ದ ಕಲ್ಲು ನನಗೆ ರೂಢಿಯಾಗಿತ್ತು. ನೀನು ಅದನ್ನು ಇಳಿಸಿ, ಮೂರು ತಿಂಗಳು ನಗಿಸಿ, ಮತ್ತೆ ಎತ್ತಿ ಇಟ್ಟೆ. ಈಗ ಮೊದಲಿಗಿಂತ ಭಾರವಾಗಿದೆ.

ಪತ್ರವನ್ನು ಮಗಳು ಓದಿದಳು. ನಾನು ತಡೆಯಲಿಲ್ಲ. ನಿನಗೆ ನೆನಪಿಲ್ಲದಿದ್ದರೆ ಇದೋ:

"ರ‍್ಯಾಂಕು, ಅದು ನೀನು ಕೊಟ್ಟಿದ್ದು ಅಂತ ನಾನು ಯಾರಿಗೂ ಹೇಳಲ್ಲ. ನೀನೂ ಹೇಳಬೇಡ, ನಿಮ್ಮಮ್ಮ ನಿನ್ನನ್ನ ಸಾಯಿಸಿಬಿಡ್ತಾರೆ. ನನಗೆ ಒಂದೇ ಒಂದು ಬೇಕು. ಭಾನುವಾರ ಹತ್ತು ಗಂಟೆಗೆ ಲೈಬ್ರರಿ ಮುಂದಿನ ಬಸ್ ಸ್ಟಾಪಿಗೆ ಬಾ. ಏನೂ ಮಾತಾಡಬೇಕಾಗಿಲ್ಲ. ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತು ಹೋಗು. ಸೋಮವಾರದಿಂದ ಅಪ್ಪ ಮಿಷನ್ ಮೇಲೆ ಕೂರಿಸ್ತಾನೆ."

ಮಗಳು ಎರಡು ಸಲ ಓದಿದಳು. ತನ್ನ ವಯಸ್ಸಿನ ಹುಡುಗಿ ಬರೆದದ್ದು ಅವಳಿಗೆ ಅರ್ಥವಾಗದೆ ಇರುತ್ತದೆಯೇ. ಎಷ್ಟು ಹೊತ್ತು ಕಾದೆ ಎಂದು ಕೇಳಿದಳು. ನಾಲ್ಕು ಗಂಟೆಯವರೆಗೆ ಅಂದೆ. ಹಾದುಹೋದ ಬಸ್ಸುಗಳ ಕಂಡಕ್ಟರುಗಳೆಲ್ಲ ನನ್ನನ್ನು ಹತ್ತು, ಹತ್ತು ಎಂದು ಕರೆದರು. ಕೊನೆಗೆ ಅಪ್ಪ ಹುಡುಕಿಕೊಂಡು ಬಂದ. ಯಾಕೆ ಎಂದು ಕೇಳಲಿಲ್ಲ, ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತ, ಆಮೇಲೆ ಇಬ್ಬರೂ ಮನೆಗೆ ಹೋದೆವು. ಇದನ್ನು ಹೇಳುವಾಗ ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಸೂಜಿ ತೆಗೆದುಕೊಂಡು ದಾರ ಪೋಣಿಸಿ ನನ್ನ ಕೈಗೆ ಕೊಟ್ಟಳು. ಈಚೆಗೆ ನನಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ.

ನಿನ್ನ ಸೀರಿಯಲ್ಲು ಕೊಡದೆ ಹೋದದ್ದನ್ನು ನಿನ್ನ ಸುಳ್ಳು ಕೊಟ್ಟಿತು. ಮಗಳು ನನಗೆ ವಾಪಸು ಬಂದಳು. ನೀನು ಹೋದೆ. ನನಗೆ ಇಬ್ಬರೂ ಬೇಕಾಗಿದ್ದಿರಿ.

ನಿಮ್ಮಮ್ಮನಿಗೆ ಏನೂ ಹೇಳಬೇಡ. ಆ ವಯಸ್ಸಿನಲ್ಲಿ ಬೇಡ. ಮಗಳಿಗೂ ಹೇಳಿದ್ದೇನೆ, ಈ ವಿಷಯ ಅಂಗಡಿಯ ಬಾಗಿಲು ದಾಟುವುದಿಲ್ಲ. ಗುರುವಾರ ಈಗ ನಾವು ಟಿವಿ ಹಾಕುವುದಿಲ್ಲ, ಅವಳು ಲೆಕ್ಕ ಮಾಡುತ್ತಾಳೆ, ನಾನು ಗುಂಡಿ ಹಾಕುತ್ತೇನೆ.

ಪತ್ರವನ್ನು ಅವಳು ಇಟ್ಟುಕೊಂಡಿದ್ದಾಳೆ. ಸ್ಕರ್ಟು ನಿನ್ನದು, ಆದ್ದರಿಂದ ಇದರ ಜೊತೆ ವಾಪಸು ಕಳಿಸುತ್ತಿದ್ದೇನೆ. ನೀಲಿ ದಾರ ತೆಗೆದು ಸೊಂಟದ ಪಟ್ಟಿಯನ್ನು ಸರಿಯಾಗಿ ಹೊಲಿದಿದ್ದೇನೆ. ಒಳಗೆ ಏನೂ ಇಲ್ಲ. ಬಿಚ್ಚಿ ನೋಡಬೇಡ.

ಇಂತಿ,
ಹೊಲಿಗೆ ಅಂಗಡಿಯವಳು